ಕೂಡಿಬಾರದ ಸಂಬಂಧವೂ ಹೆಣ್ಣಿನ ಆತ್ಮಗೌರವವೂ

ಹಿರಿಯರು ಮಾತನಾಡಿ ನಿಶ್ಚಯಿಸುವ ಮದುವೆಗಳಲ್ಲಿ ಕೂಡಿಬರುವ ಸಂಬಂಧಗಳಿಗಿಂತ ಕೂಡಿಬಾರದ ಸಂಬಂಧಗಳೇ ಯಾವಾಗಲೂ ಹೆಚ್ಚು. ಒಬ್ಬ ಹುಡುಗಿಗೆ ಹತ್ತು ಕಡೆಯಿಂದ ಪ್ರಸ್ತಾಪಗಳು ಬಂದು ಅವುಗಳಲ್ಲಿ ಒಂದು ನಿಶ್ಚಯವಾದರೆ ಉಳಿದ ಒಂಬತ್ತು ಯಾವುದೋ ಹಂತದಲ್ಲಿ, ಯಾರದೋ ನಿರ್ಧಾರದಿಂದ ನಿಂತುಹೋಗಿರಲೇಬೇಕು. ಲೆಕ್ಕದ ದೃಷ್ಟಿಯಿಂದ ನಿರಾಕರಣೆ ಈ ಪದ್ಧತಿಯ ಸಹಜ ನಡೆ. ಆದರೆ ಅದೇ ನಿರಾಕರಣೆ ಹೆಣ್ಣಿನ ಮನೆಗೆ ಬಂದಾಗ ಅವಳ ಬಣ್ಣ, ಎತ್ತರ, ಓದು, ವಯಸ್ಸು ಇಲ್ಲವೇ ಜಾತಕದ ಕೊರತೆಯೆಂಬಂತೆ ಮಾತಿಗೆ ಒಳಗಾಗುತ್ತದೆ. ಎರಡು ಮೂರು ಬಾರಿ ಹಾಗಾದ ಮೇಲೆ ಬಂಧುಗಳು ಕಂಕಣಬಲ ಕೂಡಿಬಂದಿಲ್ಲವೆಂದು ಸಮಾಧಾನ ಹೇಳತೊಡಗುತ್ತಾರೆ, ಹುಡುಗಿಯಾದರೋ ತನ್ನಲ್ಲೇ ಏನೋ ಸರಿಯಿಲ್ಲವೆಂದು ನಂಬತೊಡಗುತ್ತಾಳೆ. ಒಂದು ಪ್ರಸ್ತಾಪ ಬಿದ್ದುಹೋಗಲು ಇರುವ ಕಾರಣಗಳಿಗೂ ಅದರಿಂದ ಹುಡುಗಿ ತನ್ನ ಬಗ್ಗೆ ಕಟ್ಟಿಕೊಳ್ಳುವ ತೀರ್ಮಾನಕ್ಕೂ ಬಹಳ ಕಡಿಮೆ ಸಂಬಂಧವಿದೆ ಎಂಬುದನ್ನೂ, ಆ ತೀರ್ಮಾನಕ್ಕೆ ಅವಳನ್ನು ದೂಡುವುದು ನಿರಾಕರಣೆಗಿಂತ ಹೆಚ್ಚಾಗಿ ಅದನ್ನು ನಡೆಸುವ ಮತ್ತು ಅರ್ಥೈಸುವ ರೀತಿ ಎಂಬುದನ್ನೂ ಈ ಲೇಖನ ಪರಿಶೀಲಿಸುತ್ತದೆ.

ವಿಷಯದ ವ್ಯಾಪ್ತಿ ಸಣ್ಣದಲ್ಲ. 2011-12ರಲ್ಲಿ ನಡೆದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಮ್ಮ ಗಂಡನನ್ನು ತಾವೊಬ್ಬರೇ ಆರಿಸಿಕೊಂಡ ಮಹಿಳೆಯರು ಶೇ. 5ರ ಆಸುಪಾಸಿನಲ್ಲಿದ್ದರು. ಉಳಿದವರ ಪಾಲಿಗೆ ಮದುವೆಯ ದಾರಿ ಕುಟುಂಬದ ಮಾತುಕತೆಯ ಮೂಲಕವೇ ಸಾಗುತ್ತದೆ, ಆ ದಾರಿಯಲ್ಲಿ ಒಪ್ಪಿಗೆಯಷ್ಟೇ ನಿರಾಕರಣೆಯೂ ಎದುರಾಗುತ್ತದೆ.

ಆತ್ಮಗೌರವದ ಸ್ವರೂಪ

ಒಬ್ಬ ವ್ಯಕ್ತಿ ತನ್ನ ಯೋಗ್ಯತೆಯ ಬಗ್ಗೆ ತಾನೇ ಒಟ್ಟಾರೆಯಾಗಿ ಇಟ್ಟುಕೊಂಡಿರುವ ಎಣಿಕೆಯನ್ನು ಮನಃಶಾಸ್ತ್ರಜ್ಞರು ಆತ್ಮಗೌರವ ಎನ್ನುತ್ತಾರೆ. ಒಂದು ಕೆಲಸವನ್ನು ಮಾಡಬಲ್ಲೆನೆಂಬ ಆತ್ಮವಿಶ್ವಾಸದಿಂದಲೂ, ಇತರರಿಗಿಂತ ತಾನು ಮೇಲೆಂಬ ಅಹಂಕಾರದಿಂದಲೂ ಇದು ಬೇರೆಯಾದುದು. 1965ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ ಇದನ್ನು ಅಳೆಯಲು ಹತ್ತು ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದನು. ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಆ ಅಳತೆಯಲ್ಲಿ ರೂಪ, ಹಣ, ಅಂಕಗಳ ಬಗ್ಗೆ ಒಂದು ಮಾತೂ ಇಲ್ಲ, ಇತರರಷ್ಟೇ ತಾನೂ ಬೆಲೆಯುಳ್ಳ ಮನುಷ್ಯನೆಂದು ಉತ್ತರಿಸುವವರಿಗೆ ಅನ್ನಿಸುತ್ತದೆಯೇ ಎಂಬುದೇ ಅದರ ತಿರುಳು.

ಈ ಎಣಿಕೆ ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಗೆ ಎರಡು ಹಳೆಯ ಉತ್ತರಗಳು ಇಲ್ಲಿ ಉಪಯುಕ್ತವಾಗಿವೆ. ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಆತ್ಮಗೌರವವನ್ನು ಒಂದು ಭಾಗಾಕಾರವಾಗಿ ವಿವರಿಸಿದನು: ವ್ಯಕ್ತಿ ಗಳಿಸಿದ ಯಶಸ್ಸನ್ನು ಅವನು ಇಟ್ಟುಕೊಂಡ ಆಕಾಂಕ್ಷೆಯಿಂದ ಭಾಗಿಸಿದಾಗ ಬರುವುದೇ ಅದು. ಹೀಗಾಗಿ ಒಬ್ಬರು ತಮ್ಮ ಬೆಲೆಯನ್ನು ಯಾವುದರ ಮೇಲೆ ಪಣವಾಗಿಟ್ಟಿರುತ್ತಾರೋ ಅಲ್ಲಿನ ಸೋಲು ಮಾತ್ರ ಅವರನ್ನು ಕುಗ್ಗಿಸುತ್ತದೆ, ಉಳಿದ ಸೋಲುಗಳು ಸವರಿಕೊಂಡು ಹೋಗುತ್ತವೆ. ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಹಾರ್ಟನ್ ಕೂಲಿ 1902ರಲ್ಲಿ ಇದಕ್ಕೆ ಇನ್ನೊಂದು ಮುಖವನ್ನು ಸೇರಿಸಿದನು: ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತಿರಬಹುದು, ಅವರು ಏನೆಂದು ಬೆಲೆಕಟ್ಟಿರಬಹುದು ಎಂಬ ಊಹೆಯಿಂದಲೇ ಮನುಷ್ಯನಿಗೆ ತನ್ನ ಬಗೆಗಿನ ಭಾವನೆ ರೂಪುಗೊಳ್ಳುತ್ತದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಳ್ಳೆಯ ಮನೆ ಸೇರುವುದೇ ಬಾಳಿನ ಗುರಿಯೆಂದು ಚಿಕ್ಕಂದಿನಿಂದ ಕೇಳುತ್ತ ಬೆಳೆದ ಹುಡುಗಿಯ ಪಣವೆಲ್ಲ ಮದುವೆಯ ಮೇಲಿರುತ್ತದೆ, ಹೆಣ್ಣು ನೋಡುವ ಶಾಸ್ತ್ರದಲ್ಲಿ ಅವಳ ಬೆಲೆಯನ್ನು ಇತರರು ಅವಳೆದುರಿಗೇ ಅಳೆಯುತ್ತಾರೆ. ಹೀಗಾಗಿ ಬೇರಾವ ಸೋಲೂ ಮಾಡಲಾಗದಷ್ಟು ಆಳವಾದ ಗಾಯವನ್ನು ಅಲ್ಲಿನ ನಿರಾಕರಣೆ ಮಾಡಬಲ್ಲದು.

ನೆಂಟರ ನಡುವಿನಿಂದ ಅಪರಿಚಿತರ ಮುಂದಕ್ಕೆ

ಹೆಣ್ಣು ನೋಡುವ ಶಾಸ್ತ್ರ ಇಂದು ಪಡೆದಿರುವ ಪರೀಕ್ಷೆಯ ರೂಪ ಕರ್ನಾಟಕದ ಎಲ್ಲ ಸಮುದಾಯಗಳಿಗೂ ಅನಾದಿಯಿಂದ ಬಂದದ್ದೆಂದು ಹೇಳಲಾಗದು. ದಕ್ಷಿಣ ಭಾರತದ ಬಂಧುತ್ವ ವ್ಯವಸ್ಥೆಯನ್ನು ಉತ್ತರದೊಂದಿಗೆ ಹೋಲಿಸಿ 1953ರಲ್ಲಿ ಗ್ರಂಥ ಪ್ರಕಟಿಸಿದ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ, ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ದಕ್ಷಿಣದ ರೂಢಿಯಿಂದಾಗಿ ಸೊಸೆಯಾಗಿ ಬರುವವಳು ಆ ಮನೆಗೆ ಹೊಸಬಳಾಗಿರುವುದಿಲ್ಲ ಎಂಬುದನ್ನು ಒತ್ತಿ ಹೇಳಿದ್ದರು. ಅಂಥ ಸಂಬಂಧಗಳಲ್ಲಿಯೂ ಮನಸ್ತಾಪಗಳಿದ್ದವು, ಹುಡುಗಿಯ ಇಷ್ಟವನ್ನು ಕೇಳುವ ಪದ್ಧತಿ ಅಲ್ಲಿಯೂ ಇರಲಿಲ್ಲ, ಹತ್ತಿರದ ರಕ್ತಸಂಬಂಧದಿಂದ ಮಕ್ಕಳ ಆರೋಗ್ಯಕ್ಕೆ ಆಗುವ ತೊಂದರೆಗಳೂ ಇದ್ದವು; ಆದರೆ ಹುಟ್ಟಿದಂದಿನಿಂದ ಕಂಡ ಹುಡುಗಿಯನ್ನು ಅರ್ಧ ಗಂಟೆಯಲ್ಲಿ ನೋಡಿ ಅಳೆಯುವ ಸಂದರ್ಭ ಕಡಿಮೆಯಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಪಾಲು ರಕ್ತಸಂಬಂಧದೊಳಗೇ ನಡೆದಿದ್ದವು. ಮಿಕ್ಕ ಬಹುಪಾಲು ಕುಟುಂಬಗಳು ಸಂಬಂಧವನ್ನು ನೆಂಟರ ಆಚೆಗೆ, ಅಪರಿಚಿತರಲ್ಲಿ ಹುಡುಕುತ್ತವೆ.

ಇನ್ನೊಂದು ಬದಲಾವಣೆ ಹಣದ ಹರಿವಿಗೆ ಸಂಬಂಧಿಸಿದ್ದು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಅಧ್ಯಯನದಲ್ಲಿ, ಬ್ರಾಹ್ಮಣೇತರ ಸಮುದಾಯಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ಕಡೆಯವರಿಗೆ ತೆರ ಕೊಡುವ ಪದ್ಧತಿಯನ್ನು ದಾಖಲಿಸಿದ್ದಾರೆ. ಹೊಲದಲ್ಲಿ ದುಡಿಯುವ ಹೆಣ್ಣು ತವರಿಗೆ ನಷ್ಟವಾಗಿ ಗಂಡನ ಮನೆಗೆ ಲಾಭವಾಗುತ್ತಾಳೆ ಎಂಬ ಎಣಿಕೆ ಅದರಲ್ಲಿ ಅಡಗಿತ್ತು. ತೆರವೂ ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟ ವ್ಯವಸ್ಥೆಯೇನಲ್ಲ. ಆದರೆ ಓದಿ ಸಂಬಳದ ನೌಕರಿ ಹಿಡಿದ ಗಂಡುಗಳಿಗೆ ಬೇಡಿಕೆ ಏರಿದಂತೆ ಹಣ ತಿರುಗಿ ಹರಿಯತೊಡಗಿತು. ಇಂದಿನ ವರದಕ್ಷಿಣೆಗೆ ಬ್ರಿಟಿಷ್ ಆಡಳಿತದ ಕಾಲದಲ್ಲಿ ಹಬ್ಬಿದ ನಗದು ವ್ಯವಹಾರ, ಶಿಕ್ಷಣ ಮತ್ತು ಸಂಘಟಿತ ಉದ್ಯೋಗಗಳೇ ಮೂಲವೆಂದು ಶ್ರೀನಿವಾಸ್ 1984ರಲ್ಲಿ ವಾದಿಸಿದರು. 1961ರ ವರದಕ್ಷಿಣೆ ನಿಷೇಧ ಕಾಯಿದೆ ಕೊಡುವುದನ್ನೂ ಕೊಳ್ಳುವುದನ್ನೂ ಅಪರಾಧವಾಗಿಸಿದರೂ ವ್ಯವಹಾರ ಬೇರೆ ಹೆಸರುಗಳಲ್ಲಿ ಮುಂದುವರಿದಿದೆ. ಈ ಎರಡು ಬದಲಾವಣೆಗಳು ಕೂಡಿದಾಗ ಹುಡುಗಿ ತನ್ನನ್ನು ಅರಿಯದವರ ಮುಂದೆ, ತನ್ನ ತಂದೆಯೇ ಬೆಲೆ ತೆರಬೇಕಾದ ವ್ಯವಹಾರದಲ್ಲಿ, ಆಯ್ಕೆಗಾಗಿ ನಿಲ್ಲುವಂತಾಯಿತು.

'ಬೇಡ' ಎಂಬುದು ಹುಟ್ಟುವ ಬಗೆ

ಒಂದು ಪ್ರಸ್ತಾಪ ಹಲವು ಜರಡಿಗಳನ್ನು ದಾಟಬೇಕಾಗುತ್ತದೆ. ಜಾತಿ, ಒಳಪಂಗಡ, ಗೋತ್ರ ಇಲ್ಲವೇ ಬೆಡಗು ಹೊಂದಬೇಕು. ಸಾಲಾವಳಿ, ಅಂದರೆ ಇಬ್ಬರ ಜಾತಕಗಳ ಹೊಂದಾಣಿಕೆ, ಕೂಡಬೇಕು. ಬಯೋಡೇಟಾ ಮತ್ತು ಫೋಟೋ ಒಪ್ಪಿಗೆಯಾಗಬೇಕು. ಆಮೇಲೆ ಮನೆಗೆ ಬಂದು ನೋಡುವುದು, ಅದಾದ ಮೇಲೆ ಕೊಡುಕೊಳ್ಳುವ ಮಾತು, ಛತ್ರದ ಖರ್ಚಿನ ಮಾತು. ಯಾವ ಹಂತದಲ್ಲಿ ಮಾತು ನಿಂತರೂ ಹುಡುಗಿಗೆ ತಲುಪುವ ಸುದ್ದಿ ಒಂದೇ.

ಈ ಜರಡಿಗಳಲ್ಲಿ ಹುಡುಗಿಯ ಗುಣಕ್ಕೆ ಸಂಬಂಧವೇ ಇಲ್ಲದವು ಎಷ್ಟಿವೆ ಎಂಬುದನ್ನು ಜಾತಕದ ಲೆಕ್ಕವೇ ತೋರಿಸುತ್ತದೆ. ಲಗ್ನದಿಂದ ಎರಡು, ನಾಲ್ಕು, ಏಳು, ಎಂಟು, ಹನ್ನೆರಡನೆಯ ಮನೆಗಳಲ್ಲಿ ಕುಜನಿದ್ದರೆ ಕುಜದೋಷವೆಂದು ದಕ್ಷಿಣದಲ್ಲಿ ಸಾಮಾನ್ಯವಾಗಿ ಎಣಿಸುವುದರಿಂದ, ಪರಿಹಾರದ ನಿಯಮಗಳನ್ನು ಬದಿಗಿಟ್ಟರೆ, ಹನ್ನೆರಡು ಮನೆಗಳಲ್ಲಿ ಐದರ ಲೆಕ್ಕದಲ್ಲಿ ಹುಟ್ಟಿದವರಲ್ಲಿ ಸುಮಾರು ಶೇ. 42ರಷ್ಟು ಮಂದಿ ಆ ದೋಷದವರೇ ಆಗುತ್ತಾರೆ. ಮೂಲಾ ನಕ್ಷತ್ರದವಳು ಮಾವನಿಗೆ ಆಗದು, ಆಶ್ಲೇಷಾದವಳು ಅತ್ತೆಗೆ ಆಗದು, ಜ್ಯೇಷ್ಠಾದವಳು ಭಾವನಿಗೆ, ವಿಶಾಖಾದವಳು ಮೈದುನನಿಗೆ ಆಗದು ಎಂಬ ನಂಬಿಕೆಯನ್ನು ಹಾಗೆಯೇ ಹಿಡಿದರೆ ಇಪ್ಪತ್ತೇಳು ನಕ್ಷತ್ರಗಳಲ್ಲಿ ನಾಲ್ಕು, ಎಂದರೆ ಸುಮಾರು ಏಳು ಹುಡುಗಿಯರಲ್ಲಿ ಒಬ್ಬಳು, ಹುಟ್ಟಿನಿಂದಲೇ ಅನರ್ಹಳಾಗುತ್ತಾಳೆ. ಈ ದೋಷ ನಿರ್ದಿಷ್ಟ ಪಾದಗಳಿಗೆ ಮಾತ್ರವೆಂದು ಜ್ಯೋತಿಷಿಗಳೇ ಹೇಳಿದರೂ ಮಾತುಕತೆಯಲ್ಲಿ ಆ ಸೂಕ್ಷ್ಮ ಉಳಿಯುವುದಿಲ್ಲ. ಅದೇ ನಕ್ಷತ್ರದಲ್ಲಿ ಹುಟ್ಟಿದ ಗಂಡಿನಿಂದ ಅವನ ಅತ್ತೆ ಮಾವಂದಿರಿಗೆ ಅಪಾಯವೆಂದು ಯಾರೂ ಸಂಬಂಧ ಬಿಡುವುದು ಕಾಣದು.

ರೂಪದ ವಿಷಯದಲ್ಲಿಯೂ ವಾಸ್ತವ ಜನರು ಎಣಿಸಿದಷ್ಟು ಸರಳವಾಗಿಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹವರ್ತಿಗಳು ಕೋಲ್ಕತ್ತದ ಬಂಗಾಳಿ ಪತ್ರಿಕೆಯೊಂದರಲ್ಲಿ ವೈವಾಹಿಕ ಜಾಹೀರಾತು ನೀಡಿದ ಕುಟುಂಬಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ವಜಾತಿಯ ಒಲವು ಬೇರೆಲ್ಲ ಗುಣಗಳನ್ನು ಮೀರಿಸುವಷ್ಟು ಬಲವಾಗಿರುವುದು ಕಂಡುಬಂದಿತು: ತಾನು ಅತ್ಯಂತ ಸುಂದರಿಯೆಂದು ಹೇಳಿಕೊಂಡ ವಧುವಿಗೂ ನೋಡಲು ಪರವಾಗಿಲ್ಲ ಎಂದಷ್ಟೇ ಹೇಳಿಕೊಂಡ ವಧುವಿಗೂ ವರನ ಕಡೆಯವರು ಮಾಡುವ ವ್ಯತ್ಯಾಸದ ಎರಡು ಪಟ್ಟು ತೂಕ ಸ್ವಜಾತಿಗೆ ಇತ್ತು. ಅದು ಬಂಗಾಳದ ಮಧ್ಯಮವರ್ಗದ ಚಿತ್ರವಾದರೂ, ಜಾತಿ ಮತ್ತು ಒಳಪಂಗಡಗಳ ಹೆಸರಿನಲ್ಲಿಯೇ ವಧು-ವರರ ಸಮಾವೇಶಗಳು ನಡೆಯುವ ಕರ್ನಾಟಕಕ್ಕೆ ಅದು ಅಪರಿಚಿತವಾಗಿ ತೋರದು.

ಆದರೂ ಬಣ್ಣದ ಮಾತು ಹುಡುಗಿಯರ ಮನಸ್ಸಿನಲ್ಲಿ ಮೊದಲ ಸ್ಥಾನ ಪಡೆಯುವುದಕ್ಕೆ ಕಾರಣಗಳಿವೆ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಕ್ರೀಮು ದಶಕಗಳ ಕಾಲ ತನ್ನ ಜಾಹೀರಾತುಗಳಲ್ಲಿ ಬೆಳ್ಳಗಾಗುವುದನ್ನು ಮದುವೆಗೂ ನೌಕರಿಗೂ ಗಂಟುಹಾಕಿ ತೋರಿಸಿತು. 2020ರಲ್ಲಿ ಅದು ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಅದೇ ವರ್ಷ ಶಾದಿ ಡಾಟ್ ಕಾಮ್ ಜಾಲತಾಣವು ಬಳಕೆದಾರರ ಪ್ರತಿಭಟನೆಯ ನಂತರ ಮೈಬಣ್ಣದ ಆಧಾರದಲ್ಲಿ ಹುಡುಕುವ ಸೌಲಭ್ಯವನ್ನು ತೆಗೆದುಹಾಕಿತು. ಮಾರುಕಟ್ಟೆ ಹಿಂದೆ ಸರಿದರೂ ಎಣ್ಣೆಗೆಂಪು, ಗೋಧಿ ಬಣ್ಣ, ಸಾಧಾರಣ ಬಣ್ಣ ಎಂಬ ವರ್ಗೀಕರಣ ಮನೆಯ ಮಾತಿನಲ್ಲಿ ಉಳಿದುಕೊಂಡಿದೆ.

ಕಾರಣ ಹೇಳದ ಮೌನ

ವರನ ಕಡೆಯವರು ನಿಜವಾದ ಕಾರಣವನ್ನು ಹೇಳುವುದು ಅಪರೂಪ. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟವರಿಂದ ಕೆಲವೊಮ್ಮೆ ಮತ್ತೆ ಮಾತೇ ಬರುವುದಿಲ್ಲ, ಬಂದರೂ ಜಾತಕ ಕೂಡಲಿಲ್ಲವೆಂಬ ಎಲ್ಲರಿಗೂ ಗೊತ್ತಿರುವ ಸಭ್ಯ ನೆಪ ಬರುತ್ತದೆ. ವೈವಾಹಿಕ ಜಾಲತಾಣಗಳಲ್ಲಿ ಕಳುಹಿಸಿದ ಆಸಕ್ತಿಯ ಸಂದೇಶಕ್ಕೆ ಉತ್ತರವಿಲ್ಲದಿರುವುದೇ ಉತ್ತರ. ನೋಯಿಸಬಾರದೆಂಬ ಒಳ್ಳೆಯ ಉದ್ದೇಶ ಇದರ ಹಿಂದೆ ಇರಬಹುದಾದರೂ ಪರಿಣಾಮ ತದ್ವಿರುದ್ಧವಾಗುತ್ತದೆ, ಏಕೆಂದರೆ ಕಾರಣ ತಿಳಿಯದ ಜಾಗವನ್ನು ಹುಡುಗಿಯ ಮನಸ್ಸು ತನಗೆ ಯಾವುದರ ಬಗ್ಗೆ ಹೆಚ್ಚು ಅಳುಕಿದೆಯೋ ಅದರಿಂದಲೇ ತುಂಬಿಕೊಳ್ಳುತ್ತದೆ: ದಪ್ಪಗಿದ್ದೇನೆಂಬ ಅಳುಕಿದ್ದವಳಿಗೆ ಮೈಕಟ್ಟೇ ಕಾರಣವೆನಿಸುತ್ತದೆ, ವಯಸ್ಸಿನ ಅಳುಕಿದ್ದವಳಿಗೆ ವಯಸ್ಸು.

ಈ ಪ್ರವೃತ್ತಿಯನ್ನು ಮನಃಶಾಸ್ತ್ರಜ್ಞರಾದ ಲಿನ್ ಅಬ್ರಾಮ್‌ಸನ್, ಮಾರ್ಟಿನ್ ಸೆಲಿಗ್‌ಮನ್ ಮತ್ತು ಜಾನ್ ಟೀಸ್‌ಡೇಲ್ 1978ರಲ್ಲಿ ಮಂಡಿಸಿದ ಕಾರಣಾರೋಪಣೆಯ ಸಿದ್ಧಾಂತದಿಂದ ಅರ್ಥಮಾಡಿಕೊಳ್ಳಬಹುದು. ಕಾರಣಾರೋಪಣೆ ಎಂದರೆ ತನಗಾದ ಅನುಭವಕ್ಕೆ ವ್ಯಕ್ತಿ ತಾನೇ ಒಂದು ಕಾರಣವನ್ನು ಕಲ್ಪಿಸಿಕೊಳ್ಳುವುದು. ಕೆಟ್ಟ ಅನುಭವಕ್ಕೆ ಕಾರಣ ತನ್ನೊಳಗೇ ಇದೆ, ಅದು ಎಂದಿಗೂ ಬದಲಾಗದು, ಅದು ಬದುಕಿನ ಎಲ್ಲ ಭಾಗಗಳನ್ನೂ ಆವರಿಸಿದೆ ಎಂದು ನಂಬುವವರು ಖಿನ್ನತೆಗೆ ಹೆಚ್ಚು ಸುಲಭವಾಗಿ ಒಳಗಾಗುತ್ತಾರೆ ಎಂಬುದು ಅವರ ವಾದ. ಬಣ್ಣ, ಎತ್ತರ, ಜನ್ಮನಕ್ಷತ್ರ ಇವೆಲ್ಲ ಹುಡುಗಿಯೊಳಗಿನವು ಮತ್ತು ಬದಲಾಗದವು. 'ನಿನ್ನ ಹಣೆಬರಹವೇ ಹೀಗೆ' ಎಂಬ ಮಾತು ಮೂರನೆಯ ಲಕ್ಷಣವನ್ನೂ ಸೇರಿಸಿಬಿಡುತ್ತದೆ. ಮನೆಯವರು ಸಮಾಧಾನಕ್ಕೆಂದು ಆಡುವ ಮಾತೇ ಹೀಗೆ ಅವಳನ್ನು ಕುಗ್ಗಿಸುವ ವಿವರಣೆಯಾಗುತ್ತದೆ.

ತಿರಸ್ಕಾರದಿಂದ ಆಗುವ ನೋವು ಕೇವಲ ಮನಸ್ಸಿನ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ. ನವೋಮಿ ಐಸೆನ್‌ಬರ್ಗರ್ ಮತ್ತು ಸಹವರ್ತಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗಣಕಯಂತ್ರದ ಚೆಂಡಾಟವೊಂದರಿಂದ ತಮ್ಮನ್ನು ಹೊರಗಿಡಲಾಗಿದೆಯೆಂದು ಭಾವಿಸಿದವರ ಮೆದುಳಿನಲ್ಲಿ, ದೈಹಿಕ ನೋವಿನ ಸಂಕಟದೊಂದಿಗೆ ಸಂಬಂಧವಿರುವ ಭಾಗವೊಂದು ಹೆಚ್ಚು ಚುರುಕಾದುದು ಕಂಡುಬಂದಿತು. ಎರಡೂ ನೋವುಗಳು ಒಂದೇ ಎಂದು ಇದರಿಂದ ತೀರ್ಮಾನಿಸಲಾಗದಿದ್ದರೂ, ಗುರುತು ಪರಿಚಯವಿಲ್ಲದವರ ಆಟದಿಂದ ಹೊರಗುಳಿದಾಗಲೇ ಮನುಷ್ಯನಿಗೆ ನೋವಾಗುವುದಾದರೆ, ಸೀರೆಯುಟ್ಟು ಮನೆಮಂದಿಯ ಎದುರು ನಿಂತು ಬೇಡವೆನಿಸಿಕೊಂಡವಳ ನೋವನ್ನು ಯಾರೂ ಅತಿಸೂಕ್ಷ್ಮತೆ ಎನ್ನಲಾರರು. ಇದಕ್ಕೆ ಇನ್ನೊಂದು ಪದರವೂ ಇದೆ. ಸದಾ ಇತರರ ದೃಷ್ಟಿಗೆ ಒಳಗಾಗುವ ಹೆಣ್ಣು ಕ್ರಮೇಣ ತನ್ನ ದೇಹವನ್ನು ತಾನೇ ಹೊರಗಿನವರ ಕಣ್ಣಿನಿಂದ ನೋಡಿಕೊಳ್ಳುವ ಅಭ್ಯಾಸಕ್ಕೆ ಬೀಳುತ್ತಾಳೆಂದು ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ 1997ರಲ್ಲಿ ವಿವರಿಸಿದರು. ಹೆಣ್ಣು ನೋಡಲು ಬರುವವರು ಹೊರಟುಹೋದ ಮೇಲೂ ಅವರ ನೋಟ ಮನೆಯಲ್ಲೇ ಉಳಿಯುವುದು ಹೀಗೆ.

ಒಂದೇ ನಿರಾಕರಣೆ, ಎರಡು ವ್ಯಾಖ್ಯಾನ

ನಿರಾಕರಣೆ ಈಗ ಹೆಣ್ಣಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಿಂದ ಅವಿವಾಹಿತ ಯುವಕರು, ಹೆಚ್ಚಿನವರು ರೈತರು, ತಮಗೆ ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ರಾಜ್ಯದಾದ್ಯಂತ ಸುದ್ದಿಯಾಯಿತು. ಮಳೆ ಮತ್ತು ಬೆಲೆಗಳ ಅನಿಶ್ಚಿತತೆ, ಹಳ್ಳಿಯ ದುಡಿಮೆಯ ಭಾರ, ಓದಿದ ಹೆಣ್ಣುಮಕ್ಕಳಿಗೆ ನಗರದ ಮೇಲಿರುವ ಒಲವು ಎಲ್ಲವೂ ಆಗ ಚರ್ಚೆಗೆ ಬಂದವು. ಆ ಯುವಕರ ಸಂಕಟ ನಿಜವಾದುದು, ಅವರ ಆತ್ಮಗೌರವಕ್ಕೂ ಪೆಟ್ಟು ಬಿದ್ದಿರುತ್ತದೆ. ಗಮನಿಸಬೇಕಾದುದು ಸಾರ್ವಜನಿಕರು ಅದನ್ನು ಅರ್ಥೈಸಿದ ರೀತಿ: ಆ ಯುವಕರ ಬಣ್ಣ, ಮೈಕಟ್ಟು, ನಕ್ಷತ್ರಗಳ ಬಗ್ಗೆ ಯಾರೂ ಮಾತನಾಡಲಿಲ್ಲ, ಕೃಷಿಯ ಸ್ಥಿತಿಯ ಬಗ್ಗೆ, ಹೆಣ್ಣುಗಳ ಕೊರತೆಯ ಬಗ್ಗೆ, ಕೆಲವೊಮ್ಮೆ ಹೆಣ್ಣಿನ ಕಡೆಯವರ ಅತಿಯಾಸೆಯ ಬಗ್ಗೆ ಮಾತನಾಡಿದರು. ಗಂಡಿಗೆ ಸಂಬಂಧ ಸಿಗದಿದ್ದಾಗ ಕಾರಣವನ್ನು ಸಮಾಜದಲ್ಲಿಯೂ ಒಪ್ಪದವರಲ್ಲಿಯೂ ಹುಡುಕುವ ಜನರು, ಹೆಣ್ಣಿಗೆ ಸಿಗದಿದ್ದಾಗ ಅದನ್ನು ಅವಳಲ್ಲಿಯೇ ಹುಡುಕುತ್ತಾರೆ. ನಿರಾಕರಣೆಯಲ್ಲಿ ಅಡಗಿದ ವಿಷಕ್ಕೆ ಈ ಎರಡನೆಯ ವ್ಯಾಖ್ಯಾನವೇ ಮೂಲ. ಅದು ಬದಲಾದರೆ ನೋವು ಉಳಿದರೂ ಅವಮಾನ ಉಳಿಯದು.

ಕುಗ್ಗಿದ ಮನಸ್ಸು ತೆರುವ ಬೆಲೆ

ಆತ್ಮಗೌರವದ ಕುಸಿತ ಒಳಗಿನ ದುಃಖವಾಗಿ ಮಾತ್ರ ಉಳಿದಿದ್ದರೆ ಅದರ ಸಾಮಾಜಿಕ ಮಹತ್ವ ಕಡಿಮೆಯಿರುತ್ತಿತ್ತು. ಹಲವು ಸಂಬಂಧಗಳು ತಪ್ಪಿದ ಹುಡುಗಿ ಮತ್ತು ಅವಳ ಮನೆಯವರು ಮುಂದೆ ಬರುವ ಪ್ರಸ್ತಾಪದೆದುರು ಮೊದಲೇ ಸೋತಿರುತ್ತಾರೆ. ವಿಚಾರಿಸಬೇಕಾದ ವಿಷಯಗಳನ್ನು ವಿಚಾರಿಸುವುದಿಲ್ಲ, ಹೆಚ್ಚಿನ ಬೇಡಿಕೆಗೆ ತಲೆಬಾಗುತ್ತಾರೆ, ಓದು ಅಥವಾ ಕೆಲಸ ಬಿಡಬೇಕೆಂಬ ಷರತ್ತಿಗೂ ಒಪ್ಪುತ್ತಾರೆ. ಅಂಥ ಒಪ್ಪಿಗೆಯಿಂದ ಆರಂಭವಾದ ದಾಂಪತ್ಯದಲ್ಲಿ ಕಿರುಕುಳ ಎದುರಾದಾಗ ತವರಿಗೆ ಹೇಳಿಕೊಳ್ಳುವ ಧೈರ್ಯವೂ ಅವಳಲ್ಲಿ ಉಳಿದಿರುವುದಿಲ್ಲ, ಏಕೆಂದರೆ ತನಗೆ ಸಿಕ್ಕಿದ್ದೇ ದೊಡ್ಡದೆಂದು ಅವಳನ್ನು ನಂಬಿಸಲಾಗಿರುತ್ತದೆ. ಕೆಳಗೆ ತಂಗಿಯರಿದ್ದರೆ ಈ ಒತ್ತಡ ಇಮ್ಮಡಿಯಾಗುತ್ತದೆ. ಅಕ್ಕನ ಮದುವೆಯಾಗದೆ ತಂಗಿಯದು ಆಗಬಾರದೆಂಬ ರೂಢಿಯಿಂದಾಗಿ ಒಬ್ಬಳ ನಿರಾಕರಣೆ ಇಡೀ ಮನೆಯ ತಡೆಯಾಗಿ ಕಾಣುತ್ತದೆ. ವಿಚ್ಛೇದನವಾದವರು, ಅಂಗವೈಕಲ್ಯವುಳ್ಳವರು, ಮೂವತ್ತು ದಾಟಿದವರು ಈ ಭಾರವನ್ನು ಇನ್ನೂ ಹೆಚ್ಚಾಗಿ ಹೊರುತ್ತಾರೆ.

ಎಲ್ಲ ಹುಡುಗಿಯರೂ ಒಂದೇ ರೀತಿ ಕುಗ್ಗುವುದಿಲ್ಲ ಎಂಬುದೂ ನಿಜ. ಜೆನಿಫರ್ ಕ್ರಾಕರ್ ಮತ್ತು ಕಾನಿ ವುಲ್ಫ್ 2001ರಲ್ಲಿ ವಿವರಿಸಿದಂತೆ, ಜನರ ಆತ್ಮಗೌರವ ಬೇರೆ ಬೇರೆ ನೆಲೆಗಳನ್ನು ಆಧರಿಸಿರುತ್ತದೆ: ಕೆಲವರದು ರೂಪವನ್ನು, ಕೆಲವರದು ಇತರರ ಮೆಚ್ಚುಗೆಯನ್ನು, ಮತ್ತೆ ಕೆಲವರದು ಕೆಲಸದ ಕೌಶಲವನ್ನು, ಮನೆಯವರ ಪ್ರೀತಿಯನ್ನು ಇಲ್ಲವೇ ದೈವಭಕ್ತಿಯನ್ನು. ಬೆಲೆಯ ನೆಲೆಗಳು ಹಲವಿದ್ದವಳಿಗೆ ಒಂದು ಕುಸಿದರೂ ಉಳಿದವು ಆಸರೆಯಾಗುತ್ತವೆ. ಹೆಣ್ಣುಮಕ್ಕಳ ಓದು, ಸಂಪಾದನೆ, ಗೆಳೆತನಗಳನ್ನು ಮದುವೆಯವರೆಗಿನ ಕಾಲಹರಣವೆಂದು ಕಾಣದೆ ಬದುಕಿನ ಭಾಗವೆಂದು ಕಾಣುವ ಮನೆ, ತನಗರಿವಿಲ್ಲದೆಯೇ ಅವಳಿಗೆ ಈ ರಕ್ಷಣೆಯನ್ನು ಒದಗಿಸಿರುತ್ತದೆ.

ಕ್ರಮದಲ್ಲಿ ಆಗಬೇಕಾದ ತಿದ್ದುಪಡಿ

ಧೈರ್ಯವಾಗಿರಬೇಕೆಂದು ಹುಡುಗಿಗೆ ಬೋಧಿಸುವುದಕ್ಕಿಂತ ಹುಡುಕಾಟದ ಕ್ರಮವನ್ನು ತಿದ್ದುವುದು ಹೆಚ್ಚು ಫಲಕಾರಿ. ಜಾತಕ, ಒಳಪಂಗಡ, ಕೊಡುಕೊಳ್ಳುವಿಕೆಯಂಥ ವಿಷಯಗಳು ಮೊದಲೇ ಇತ್ಯರ್ಥವಾಗಿ, ಹುಡುಗ ಹುಡುಗಿ ಫೋನಿನಲ್ಲೋ ಹೊರಗಿನ ಒಂದು ಜಾಗದಲ್ಲೋ ಮಾತನಾಡಿ, ಇಬ್ಬರೂ ಒಪ್ಪಿದ ಮೇಲೆ ಮಾತ್ರ ಮನೆಗೆ ಬರುವ ರೂಢಿ ನಗರಗಳಲ್ಲಿ ಹಲವು ಕುಟುಂಬಗಳಿಗೆ ಈಗಾಗಲೇ ಬಂದಿದೆ. ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಹಿಡಿದು ಹತ್ತು ಜನರೆದುರು ಬರುವ ಸಂದರ್ಭವನ್ನು ಇದು ಬಹುಮಟ್ಟಿಗೆ ತಪ್ಪಿಸುತ್ತದೆ. ಬೇಡವೆನಿಸಿದರೆ ಎರಡು ಮೂರು ದಿನಗಳಲ್ಲಿ, ದೇಹದ ಪ್ರಸ್ತಾಪವಿಲ್ಲದೆ, ಮುಂದುವರಿಯುವ ಮನಸ್ಸಿಲ್ಲವೆಂದು ನೇರವಾಗಿ ತಿಳಿಸುವುದು ದೀರ್ಘ ಮೌನಕ್ಕಿಂತ ಮಾನವೀಯ. ಮನೆಯೊಳಗೆ ನಿರಾಕರಣೆಯನ್ನು ವಿವರಿಸುವಾಗ ಅದು ಆ ಮನೆಯವರ ಆಯ್ಕೆಯೆಂದು ಹೇಳಿ ಅಲ್ಲಿಗೇ ನಿಲ್ಲಿಸಬೇಕು; ನೆಂಟರಿಷ್ಟರಿಗೆ ಪ್ರತಿ ಪ್ರಸ್ತಾಪದ ವರದಿ ಒಪ್ಪಿಸುವ ಅಗತ್ಯವಿಲ್ಲ, ಬೇಕೆನಿಸಿದಾಗ ಹುಡುಕಾಟವನ್ನು ಕೆಲವು ತಿಂಗಳು ನಿಲ್ಲಿಸುವ ಸ್ವಾತಂತ್ರ್ಯ ಹುಡುಗಿಗೆ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಅವಳ ಸ್ವಂತ ನಿರಾಕರಣೆಯ ಹಕ್ಕು. ಕಾನೂನು ವಧುವನ್ನು ಒಪ್ಪಿಗೆ ಕೊಡುವವಳೆಂದೇ ಗುರುತಿಸುತ್ತದೆ: ಬಲವಂತದಿಂದ ಅಥವಾ ವಂಚನೆಯಿಂದ ಪಡೆದ ಒಪ್ಪಿಗೆಯ ಮದುವೆಯನ್ನು 1955ರ ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮಿನಡಿ ರದ್ದುಪಡಿಸಲು ಅವಕಾಶವಿದೆ, ಇಸ್ಲಾಮಿನ ನಿಕಾಹ್‌ನಲ್ಲಿ ವಧುವಿನ ಒಪ್ಪಿಗೆ ಕೇಳುವುದು ಕಡ್ಡಾಯ. ರೂಢಿಯಲ್ಲಿ ಮಾತ್ರ ಅವಳು ಇತರರ ಒಪ್ಪಿಗೆಗೆ ಕಾಯುವವಳಾಗಿ ಉಳಿದಿದ್ದಾಳೆ. ತನಗೂ ಬೇಡವೆನ್ನುವ ಅವಕಾಶವಿದೆ, ಹಾಗೆಂದಾಗ ಮನೆಯವರು ಕಾರಣಕ್ಕಾಗಿ ಪೀಡಿಸುವುದಿಲ್ಲ ಎಂದು ತಿಳಿದಿರುವ ಹುಡುಗಿಗೆ ಎದುರಿನವರ 'ಬೇಡ' ಕೂಡ ಅಂಥದ್ದೇ ಒಂದು ಆಯ್ಕೆಯಾಗಿ ಕಾಣುವ ಸಾಧ್ಯತೆ ಹೆಚ್ಚು. ತಾನು ಒಪ್ಪದ ಹುಡುಗನನ್ನು ಅಯೋಗ್ಯನೆಂದು ಅವಳು ಎಣಿಸಿರುವುದಿಲ್ಲವಾದ್ದರಿಂದ ತನ್ನನ್ನು ಒಪ್ಪದವರಿಂದ ತಾನು ಅಯೋಗ್ಯಳಾಗುವುದಿಲ್ಲವೆಂಬುದು ಅವಳಿಗೆ ಸ್ವಾನುಭವದಿಂದಲೇ ಅರ್ಥವಾಗುತ್ತದೆ.

ಬೇಸರವು ಎರಡು ವಾರಗಳನ್ನು ಮೀರಿ ಮುಂದುವರಿದು, ನಿದ್ದೆ, ಊಟ, ಕೆಲಸಗಳ ಮೇಲೆ ಆಸಕ್ತಿ ಕುಂದಿ, ಬದುಕೇ ಬೇಡವೆಂಬ ಮಾತು ಬಂದರೆ ಅದು ಮದುವೆಯ ವಿಷಯವಾಗಿ ಉಳಿಯದೆ ಚಿಕಿತ್ಸೆ ಬೇಕಾದ ಆರೋಗ್ಯದ ವಿಷಯವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮದುವೆ ಗೊತ್ತಾದರೆ ಎಲ್ಲವೂ ಸರಿಹೋಗುತ್ತದೆಂದು ಈ ಹಂತದಲ್ಲಿ ಕಾಯುವುದು ಅಪಾಯಕರ.

ಹಿರಿಯರು ಕೂಡಿಸುವ ಮದುವೆಯ ಪದ್ಧತಿ ಸದ್ಯಕ್ಕೆ ಮರೆಯಾಗುವ ಲಕ್ಷಣಗಳಿಲ್ಲ, ಅದಿರುವಷ್ಟು ಕಾಲ ತಪ್ಪಿಹೋಗುವ ಸಂಬಂಧಗಳೂ ಇರುತ್ತವೆ. ಆ ಪದ್ಧತಿಯನ್ನು ಉಳಿಸಿಕೊಳ್ಳಬಯಸುವ ಕುಟುಂಬಗಳು ಅದರ ಸಹಜ ಖರ್ಚನ್ನು ಹುಡುಗಿಯೊಬ್ಬಳ ಲೆಕ್ಕಕ್ಕೆ ಬರೆಯುವುದನ್ನು ನಿಲ್ಲಿಸಬೇಕಾಗುತ್ತದೆ. ಎರಡು ಮನೆಗಳು ಹೊಂದಿಕೊಳ್ಳಲಿಲ್ಲವೆಂಬ ಸಂಗತಿಯಿಂದ ಒಬ್ಬ ವ್ಯಕ್ತಿಯ ಯೋಗ್ಯತೆಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆಯಲಾಗದು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕಾದವರು ಅವಳ ತಂದೆ ತಾಯಿಗಳೇ.